ಅವನು ಒರೆಸಿದ ಕಂಬ

ಮೌನಿಕಾ ಅವನನ್ನು ಮೊದಲ ಸಲ ನೋಡಿದ್ದು ತಲೆಕೆಳಗಾಗಿ.

ತಲೆಕೆಳಗಾಗಿದ್ದವಳು ಅವಳೇ, ಅವನಲ್ಲ! ನೆಲದಿಂದ ಸೂರಿನವರೆಗೆ ನಿಂತ ಸ್ಟೀಲ್ ಕಂಬಕ್ಕೆ ಎರಡೂ ಕಾಲು ಸುತ್ತಿ, ಕೈ ಬಿಟ್ಟು, ಜಡೆ ಇಳಿಬಿಟ್ಟು ನೇತಾಡುತ್ತಿದ್ದಳು. ಬಾಗಿಲಿಗೆ ಚಿಲಕ ಹಾಕಿದ್ದೇನೆ ಎಂದುಕೊಂಡಿದ್ದಳು. ಹಾಕಿರಲಿಲ್ಲ.

ಬಾಗಿಲು ದೂಡಿಕೊಂಡು ಒಬ್ಬ ಗಂಡಸು ಒಳಗೆ ಬಂದ. ತಲೆಯ ಮೇಲೆ ಎರಡು ದಪ್ಪ ಮ್ಯಾಟು.

"ಅಯ್ಯಯ್ಯೋ… ಬಿದ್ದೀರಿ, ಬಿದ್ದೀರಿ!"

ಮ್ಯಾಟುಗಳನ್ನು ಅಲ್ಲೇ ಎಸೆದು ಓಡಿಬಂದವನು ಅವಳ ತಲೆಯ ಕೆಳಗೆ ಎರಡೂ ಕೈ ಚಾಚಿ ನಿಂತ.

"ಮುಟ್ಟಬ್ಯಾಡ್ರೀ! ಯಾರ್ರೀ ನೀವು? ಮೊದಲು ಕಣ್ಣು ಮುಚ್ಚಿಕೊಳ್ರಿ!"

ಮುಚ್ಚಿಕೊಂಡ. ಗುಳಿಗೆ ನುಂಗುವ ಮಕ್ಕಳು ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ ಗಟ್ಟಿಯಾಗಿ. ಚಾಚಿದ ಕೈ ಮಾತ್ರ ಹಿಂದೆ ತೆಗೆಯಲಿಲ್ಲ.

"ಮುಚ್ಚೀನ್ರಿ… ಆದ್ರ ನಿಮ್ಮ ಎಡಮೊಣಕಾಲು ಸಡಿಲಾಗೇತಿ. ಜರಾ ಬಿಗಿ ಹಿಡೀರಿ."

ನಿಜವಾಗಿಯೂ ಸಡಿಲಾಗಿತ್ತು! ಮೌನಿಕಾ ಬಿಗಿ ಹಿಡಿದಳು, ಕೈಯಿಂದ ಕಂಬ ಹಿಡಿದು ಇಳಿದಳು, ಓಡಿಹೋಗಿ ಚಡ್ಡಿಯ ಮೇಲೆ ಅವ್ವನ ಹಳೆಯ ಸೀರೆ ಸುತ್ತಿಕೊಂಡಳು. ಎದೆ ಹೊಡೆದುಕೊಳ್ಳುತ್ತಿತ್ತು. ಅರ್ಧ ಸಿಟ್ಟಿಗೆ, ಇನ್ನರ್ಧ ಯಾತಕ್ಕೋ ಅವಳಿಗೇ ತಿಳಿಯಲಿಲ್ಲ.

"ಈಗ ಕಣ್ಣು ಬಿಡ್ಲ್ಯಾ?"

"ಬ್ಯಾಡ."

"...ಈಗ?"

"ಹೂಂ. ಬಿಡ್ರಿ. ಯಾರು ನೀವು, ಹೇಳ್ರಿ ಮೊದಲು."

"ಚಂದ್ರಕಾಂತ್ ಅಂತ್ರೀ. ಮಕ್ತಲ್ ಸಾಲ್ಯಾಗ ಡ್ರಿಲ್ ಮಾಸ್ತರ. ಹುಡುಗ್ಯಾರಿಗೆ ಮಲ್ಲಕಂಬ ಕಲಸ್ತೀನಿ. ಹಳೇ ಮ್ಯಾಟು ಇದ್ರ ನಾರಾಯಣಪೇಟೆಗೆ ಕೊಟ್ಟುಬಾ ಅಂತ ಈ ಕಟ್ಟಡದ ಗಂಗಾಂಬಿಕಾ ಅಮ್ಮಾರು ಹೇಳಿಕಳಿಸಿದ್ರು." ಅವನು ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿದ. "ಇದು ಮಲ್ಲಕಂಬ ಅಲ್ಲಲ್ರೀ?"

"ಅಲ್ಲ. ಪೋಲ್ ಫಿಟ್‌ನೆಸ್."

"ಅಂದ್ರ… ಆ ಸಿನಿಮಾದಾಗ…" ಅವನು ಅಲ್ಲೇ ನಾಲಿಗೆ ಕಚ್ಚಿಕೊಂಡ.

ಮೌನಿಕಾಳ ಮುಖ ಕೆಂಪಾಯಿತು. ಊರೆಲ್ಲ ಇದನ್ನೇ ಕೇಳಿತ್ತು. ಇವನೂ ಕೇಳಿದ!

"ಸಿನಿಮಾದಾಗ ತೋರಿಸೋದು ಬ್ಯಾರೆ ರೀ. ಇದು ಕಸುವಿನ ಕೆಲಸ."

ಚಂದ್ರಕಾಂತ್ ಅವಳ ಅಂಗೈ ನೋಡಿದ. ಬೆರಳುಗಳ ಬುಡದಲ್ಲಿ ದಡ್ಡು ಕಟ್ಟಿತ್ತು.

"ತಪ್ಪಾತ್ರಿ, ಹಂಗ ಕೇಳಬಾರದಿತ್ತು. ಕೈ ನೋಡಿದ್ರ ಗೊತ್ತಾಗತೈತಿ, ಇವು ಕಸರತ್ತಿನ ಕೈ."

ಅಷ್ಟು ಹೇಳಿ ಮ್ಯಾಟು ಹಾಸಿ ಹೊರಟುಹೋದ. ಅವಳ ಕೈಯನ್ನು ಅಷ್ಟು ಮರ್ಯಾದೆಯಿಂದ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

*

ಮೌನಿಕಾ ಹೈದರಾಬಾದಿನ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಬೆಳಗಿನಿಂದ ಸಂಜೆಯವರೆಗೆ ನಾರಾಯಣಪೇಟೆ ಸೀರೆ ಬಿಚ್ಚಿ ತೋರಿಸುವುದು, ಮತ್ತೆ ಮಡಚುವುದು. ಅಂಗಡಿಯ ಮೇಲಿನ ಮಹಡಿಯಲ್ಲಿ ಪೋಲ್ ಕಲಿಸುವ ಸ್ಟುಡಿಯೋ ಇತ್ತು. ಒಂದು ಸಂಜೆ ಸುಮ್ಮನೆ ಇಣುಕಿದವಳು ಮೂರು ವರ್ಷ ಬಿಡಲಿಲ್ಲ. ಮೊದಲ ತಿಂಗಳು ಒಂದು ಅಡಿ ಮೇಲೇರಲೂ ಆಗಿರಲಿಲ್ಲ. ಮೂರನೇ ವರ್ಷಕ್ಕೆ ಅಲ್ಲಿಯೇ ಹೊಸಬರಿಗೆ ಕಲಿಸುತ್ತಿದ್ದಳು.

ಊರಿಗೆ ಬಂದದ್ದು ಅವ್ವನಿಗಾಗಿ. ಅಪ್ಪ ತೀರಿಹೋದ ಮೇಲೆ ಬಾಲಮ್ಮ ಒಬ್ಬಳೇ ಮಗ್ಗದಲ್ಲಿ ಕೂತು ನೇಯ್ದಿದ್ದಳು. ಮೂವತ್ತು ವರ್ಷ ಹಗ್ಗ ಎಳೆದು ಲಾಳಿ ಹೊಡೆದ ಬಲಭುಜ ಒಂದು ದಿನ ಹಿಡಿದುಕೊಂಡುಬಿಟ್ಟಿತು. ಕೈ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ತನ್ನ ತಲೆ ತಾನು ಬಾಚಿಕೊಳ್ಳಲಾಗದೆ ಬಾಲಮ್ಮ ಪಕ್ಕದ ಮನೆಯ ಎಂಕಮ್ಮನ ಮುಂದೆ ಬಾಚಣಿಗೆ ಹಿಡಿದು ಕೂರುತ್ತಿದ್ದಳು. ಅದನ್ನು ಕಂಡ ದಿನವೇ ಮೌನಿಕಾ ಅಂಗಡಿಗೆ ಫೋನ್ ಮಾಡಿ ಬರುವುದಿಲ್ಲ ಎಂದಳು.

ಅವ್ವನ ಕೈ ಮೇಲೇಳಿಸಲು ಅವಳಿಗೆ ಗೊತ್ತಿದ್ದ ದಾರಿ ಒಂದೇ. ಕಂಬ! ಮನೆಯ ಸೂರು ತಗಡಿನದು, ಕಂಬ ತಡೆಯುವಂಥದ್ದಲ್ಲ. ಗದ್ವಾಲದ ಸೀರೆ ವ್ಯಾಪಾರಿ ಗಂಗಾಂಬಿಕಾ ಅಮ್ಮನವರ ಒಂದು ಕಟ್ಟಡ ನಾರಾಯಣಪೇಟೆಯಲ್ಲಿತ್ತು. ಬಾಲಮ್ಮ ನೇಯ್ದ ಸೀರೆಗಳೆಲ್ಲ ಹೋಗುತ್ತಿದ್ದುದು ಅವರ ಅಂಗಡಿಗೇ. ಮಹಡಿ ಖಾಲಿ ಬಿದ್ದಿತ್ತು, ಹೋಗಿ ಕೇಳಿದಳು.

"ಕೊಡ್ತೀನವಾ," ಎಂದರು ಅಮ್ಮನವರು. "ಬಾಲಮ್ಮನ ಮಗಳು ನೀನು, ಇಲ್ಲ ಅನ್ನಂಗಿಲ್ಲ. ಆದ್ರ ಒಂದು ಮಾತು. ಅಲ್ಲಿ ಒಬ್ಬರಿಗೆ ಗಾಯ ಆತು ಅಂದ್ರ ಅವತ್ತೇ ಬೀಗ."

"ಆಗಲ್ರೀ ಅಮ್ಮಾರ. ಒಬ್ಬರಿಗೂ ಗಾಯ ಆಗಗೊಡಂಗಿಲ್ಲ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮೌನಿಕಾ ಆಮೇಲೆ ಇದನ್ನು ನೆನೆದು ಎಷ್ಟು ಅತ್ತಳೋ ಲೆಕ್ಕವಿಲ್ಲ.

*

ಮೊದಲ ದಿನ ಬಾಲಮ್ಮ ಕಂಬದ ಮುಂದೆ ನಿಂತು ಬಲಗೈ ಬೆರಳುಗಳನ್ನು ಇರುವೆ ಹತ್ತಿದಂತೆ ಮೆಲ್ಲಗೆ ಮೇಲೆ ನಡೆಸಿದಳು. ಎದೆಯ ಮಟ್ಟಕ್ಕೆ ಬಂದಾಗ "ಅಮ್ಮಾ!" ಎಂದು ನಿಂತುಬಿಟ್ಟಳು. ಮೌನಿಕಾ ಪಕ್ಕದ ಗೋಡೆಯ ಮೇಲೆ ಆ ಎತ್ತರಕ್ಕೆ ಕುಂಕುಮದಿಂದ ಒಂದು ಗೆರೆ ಎಳೆದಳು.

"ಇವತ್ತಿಗೆ ಇಷ್ಟು ಸಾಕವ್ವ."

ವಾರಕ್ಕೊಂದು ಗೆರೆ. ಮೂರನೇ ತಿಂಗಳಿಗೆ ಗೆರೆಗಳು ಬಾಲಮ್ಮನ ತಲೆಗಿಂತ ಮೇಲಿದ್ದವು! ಅವಳು ತಾನೇ ತುರುಬು ಕಟ್ಟಿಕೊಂಡು ಬೀದಿಗೆ ಬಂದ ದಿನ ಎಂಕಮ್ಮ ನೋಡುತ್ತಾ ನಿಂತಳು. ಮಾರನೆಯ ದಿನ ಎಂಕಮ್ಮನೂ ಮಹಡಿ ಹತ್ತಿದಳು. ಅವಳ ಹಿಂದೆ ಇನ್ನೂ ಆರು ಜನ ನೇಕಾರರ ಹೆಂಗಸರು. ಎಲ್ಲರದೂ ಸೊಂಟ, ಕುತ್ತಿಗೆ, ಭುಜದ ಕಥೆಯೇ.

ಪೂರ್ತಿ ಬಟ್ಟೆ ತೊಟ್ಟು ಹಿಡಿದರೆ ಕಂಬ ಜಾರುತ್ತದೆ, ಚರ್ಮ ತಾಗಬೇಕು. ಚಡ್ಡಿ ಎಂದ ಕೂಡಲೇ ಎಲ್ಲರೂ ಬಾಯಿಗೆ ಸೆರಗು ಒತ್ತಿಕೊಂಡರು. ಬಾಲಮ್ಮ ಎದ್ದು ಸೀರೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ಕಚ್ಚೆ ಹಾಕಿದಳು.

"ನಮ್ಮವ್ವ ಹೊಲದಾಗ ಹಿಂಗ ಕಚ್ಚಿ ಹಾಕಿ ನಾಟಿ ಹಚ್ಚತಿದ್ಲು. ಅವಾಗ ಯಾರಿಗೂ ನಾಚಿಕಿ ಬಂದಿಲ್ಲ. ಈಗ್ಯಾಕ ಬರ್ತೈತಿ?"

ಅಂದಿನಿಂದ ಮಹಡಿಯಲ್ಲಿ ಎಲ್ಲರದೂ ಕಚ್ಚೆಯೇ.

ಮೌನಿಕಾ ಒಂದು ನಿಯಮ ಮಾಡಿದ್ದಳು. ಒಬ್ಬರು ಇಳಿದ ಮೇಲೆ ಇನ್ನೊಬ್ಬರು ಮುಟ್ಟುವ ಮೊದಲು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಕಂಬ ಒರೆಸಬೇಕು. ಒರೆಸುವುದು ಅವಳೇ. ಬೆವರು, ಪೌಡರು, ಕೈಗೆ ಹಚ್ಚಿದ ಕ್ರೀಮು, ಏನಿದ್ದರೂ ಜಾರುತ್ತದೆ. ಕಂಬ ಒಣಗಿರಬೇಕು.

ಈ ನಿಯಮ ಗೊತ್ತಿಲ್ಲದವನು ಒಬ್ಬನೇ. ಹೆಂಗಸರ ಕ್ಲಾಸ್ ಶುರುವಾಗುವ ಮೊದಲೇ ಚಂದ್ರಕಾಂತ್ ಮೆಟ್ಟಿಲಿಳಿದು ಎದುರಿನ ಚಹಾ ಹೋಟೆಲಿನಲ್ಲಿ ಕೂರುತ್ತಿದ್ದ. ಯಾರೂ ಹೇಳಿರಲಿಲ್ಲ, ತಾನೇ ತಿಳಿದು ಹಾಗೆ ಮಾಡುತ್ತಿದ್ದ. ಪ್ರತಿ ಭಾನುವಾರ ಮಕ್ತಲ್‌ನಿಂದ ಬಸ್ಸು ಹತ್ತಿ ಬರುತ್ತಿದ್ದ. ಕೇಳಿದರೆ ಒಂದೇ ಉತ್ತರ: "ಮ್ಯಾಟು ನೋಡಾಕ ಬಂದಿದ್ದೆ."

"ಮ್ಯಾಟು ಎಲ್ಲಿಗೂ ಓಡಿಹೋಗಂಗಿಲ್ಲ ಮಾಸ್ತರ," ಎಂದು ಬಾಲಮ್ಮ ನಗುತ್ತಿದ್ದಳು.

"ಸೂರಿನ ಬೋಲ್ಟೂ ನೋಡಬೇಕಲ್ಲಕ್ಕ."

ಬೋಲ್ಟ್ ನೋಡಲು ಏಣಿ ಹತ್ತಿದವನು ಕೆಳಗೆ ಏಣಿ ಹಿಡಿದವಳನ್ನು ನೋಡುತ್ತಿದ್ದ. ಅವಳು ತಲೆ ಎತ್ತಿದರೆ ಬೋಲ್ಟ್ ನೋಡುತ್ತಿದ್ದ. 'ಹೇಳಬಾರದೇ ಒಮ್ಮೆ?' ಎಂದು ಮೌನಿಕಾಳ ಮನಸ್ಸು ಕೇಳುತ್ತಿತ್ತು. ತಾನೇ ಹೇಳಬಹುದಿತ್ತು ಎಂದು ಆ ಮನಸ್ಸಿಗೆ ಒಮ್ಮೆಯೂ ಹೊಳೆಯಲಿಲ್ಲ ನೋಡಿ!

ಒಂದು ಭಾನುವಾರ ಏಣಿ ಹಿಡಿದ ಅವಳ ತೋಳಿನ ಸೆರಗು ಸರಿಯಿತು. ಒಳತೋಳಿನ ತುಂಬ ನೀಲಿ ಬರೆಗಳು. ಚಂದ್ರಕಾಂತ್ ಸರಸರನೆ ಇಳಿದ.

"ಯಾರು ಹೊಡೆದ್ರು?"

ಅವನ ದನಿಗೆ ಮೌನಿಕಾ ಬೆಚ್ಚಿದಳು. "ಯಾರೂ ಇಲ್ರೀ. ಕಂಬದ ಗುರುತು. ಹೊಸ ಹಿಡಿತ ಕಲಿಯೋವಾಗ ಹಿಂಗ ಆಗತೈತಿ."

"ಕಾಲಿಗೂ ಹಿಂಗ ಆಗೇತಿ?"

ಅವಳು ಸೀರೆಯ ನಿರಿಗೆ ಎಳೆದು ಕಾಲು ಮುಚ್ಚಿಕೊಂಡಳು. ಅವನು ಕಂಬದ ಮೇಲೆ ಅಂಗೈ ಆಡಿಸಿದ. ಕೊರಡಿನಂತೆ ಒಣಗಿತ್ತು. ಅವನ ಕಣ್ಣಲ್ಲಿ ನೀರು ತುಂಬಿತ್ತು, ಅವಳಿಗೆ ಕಾಣಬಾರದೆಂದು ಆ ಕಡೆ ತಿರುಗಿದ.

"ಒಂದಿನ ಈ ಕಂಬಕ್ಕ ಬುದ್ಧಿ ಕಲಸ್ತೀನಿ ನೋಡ್ರಿ."

"ಕಲಸ್ರಿ, ಕಲಸ್ರಿ!" ಅವಳು ನಕ್ಕಳು.

*

ಐದನೇ ತಿಂಗಳ ಕೊನೆಗೆ ಗಂಗಾಂಬಿಕಾ ಅಮ್ಮನವರು ಸುದ್ದಿ ಕಳಿಸಿದರು. "ಶನಿವಾರ ಬರ್ತೀನಿ. ಗದ್ವಾಲದಿಂದ ಹತ್ತು ಮಂದಿ ಹೆಣ್ಣುಮಕ್ಕಳೂ ಬರ್ತಾರ. ನೋಡ್ತೀವಿ. ಚೊಲೋ ಅನ್ನಿಸಿದ್ರ ಆ ಮಹಡಿ ನಿಮ್ಮ ಕೆಲಸಕ್ಕೇ ಬಿಡ್ತೀನಿ."

ಮೌನಿಕಾಳಿಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಾಲಮ್ಮ ಅಂದು ಮೊದಲ ಸಲ ಎಲ್ಲರೆದುರು ಎರಡೂ ಪಾದ ನೆಲದಿಂದ ಎತ್ತಿ ಹತ್ತು ಎಣಿಸುವಷ್ಟು ಹೊತ್ತು ಕಂಬದಲ್ಲಿ ನಿಲ್ಲುವುದೆಂದು ಮಾತಾಯಿತು. ಐವತ್ತೆರಡು ವರ್ಷದ ಬಾಲಮ್ಮ!

ಶನಿವಾರ ಬೆಳಿಗ್ಗೆ ಮೌನಿಕಾ ಕಂಬ ಒರೆಸಿದಳು. ಅವಳು ಒರೆಸಿ ಬಟ್ಟೆ ಮಡಚಿಟ್ಟ ಮೇಲೆ ಚಂದ್ರಕಾಂತ್ ಬಂದು ಮ್ಯಾಟು ಹಾಸತೊಡಗಿದ. "ನೀವು ಹೋಗಿ ಅಮ್ಮಾರನ್ನ ಕರಕೊಂಡು ಬರ್ರಿ, ಇಲ್ಲಿ ಫಿಕರ್ ಮಾಡಬ್ಯಾಡ್ರಿ," ಎಂದ. ಅವಳು ಬಸ್ ಸ್ಟ್ಯಾಂಡಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಅವನು ಸಾಲೆಯ ಹೊತ್ತಾಯಿತೆಂದು ಮಕ್ತಲ್‌ಗೆ ಹೊರಟುಹೋಗಿದ್ದ.

ಮಹಡಿ ತುಂಬ ಜನ. ಗದ್ವಾಲದ ಹೆಂಗಸರಿಗೆ ಚಾಪೆ, ನೀರು, ಚಹಾ… ಬಾಲಮ್ಮ ಆಗಲೇ ಕಚ್ಚೆ ಹಾಕಿ ಕಂಬದ ಬಳಿ ನಿಂತಿದ್ದಳು. ಮೌನಿಕಾ ಸ್ಪಿರಿಟ್ ಬಟ್ಟೆಯತ್ತ ನೋಡಿದಳು. 'ಬೆಳಿಗ್ಗೆಯೇ ಒರೆಸಿದ್ದೇನಲ್ಲ, ಯಾರೂ ಮುಟ್ಟಿಲ್ಲ' ಎಂದುಕೊಂಡಳು.

"ಹೂಂ ಅವ್ವ… ಮಾಡು."

ಬಾಲಮ್ಮ ಕಂಬ ಹಿಡಿದಳು. ಒಂದು ಗಳಿಗೆ ತಡೆದು ಮಗಳ ಮುಖ ನೋಡಿದಳು. ಆಮೇಲೆ ಎರಡೂ ಪಾದ ನೆಲ ಬಿಟ್ಟವು!

"ಒಂದು… ಎರಡು…" ಎಲ್ಲರೂ ಎಣಿಸಿದರು.

ಮೂರಕ್ಕೆ ಕೈ ಜಾರಿತು. ಬಾಲಮ್ಮ ಮ್ಯಾಟಿನ ಅಂಚು ದಾಟಿ ಬಲಭುಜದ ಮೇಲೆ ನೆಲಕ್ಕೆ ಬಿದ್ದಳು.

ಆ ಸದ್ದು ಮೌನಿಕಾಳ ಕಿವಿಯಿಂದ ಬಹಳ ದಿನ ಹೋಗಲಿಲ್ಲ.

"ಅವ್ವಾ!" ಎಂದು ಓಡಿ ಅವ್ವನ ಕೈ ಹಿಡಿದಳು. ಅಂಗೈ ಜಿಡ್ಡು. ಮೂಗಿಗೆ ಹಿಡಿದು ನೋಡಿದಳು. ಔಡಲೆಣ್ಣೆ! ಕಿಟಕಿಯಲ್ಲಿ ಅರ್ಧ ಖಾಲಿಯಾದ ಬಾಟಲಿ, ಪಕ್ಕದಲ್ಲಿ ಚಂದ್ರಕಾಂತ್ ಸದಾ ಹೆಗಲಿಗೆ ಹಾಕುವ ಖಾಕಿ ಬಟ್ಟೆ ಮಡಚಿಟ್ಟಿತ್ತು.

ಅವನಿಗೆ ಫೋನ್ ಮಾಡಿದಳು.

"ಕಂಬಕ್ಕ ಎಣ್ಣಿ ಹಚ್ಚಿದ್ದು ನೀವಾ?"

"ಹೌದ್ರೀ!" ಅವನ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ಗೊತ್ತಾತಾ? ಹೆಂಗನ್ನಿಸ್ತು? ಚೊಲೋ ಆತಾ?"

ಅವಳು ಫೋನ್ ಕಟ್ ಮಾಡಿದಳು. 'ನಗುತ್ತಿದ್ದಾನೆ… ನನ್ನ ಅವ್ವ ಇಲ್ಲಿ ನೆಲದ ಮೇಲೆ ನರಳುತ್ತಿದ್ದಾಳೆ, ಅವನು ನಗುತ್ತಿದ್ದಾನೆ!'

*

ಮಹಬೂಬ್‌ನಗರದ ಆಸ್ಪತ್ರೆಯಲ್ಲಿ ಎಲುಬು ಬಿರುಕು ಬಿಟ್ಟಿದೆ ಎಂದರು. ಭುಜಕ್ಕೆ ಪಟ್ಟಿ ಕಟ್ಟಿದರು. ಗಂಗಾಂಬಿಕಾ ಅಮ್ಮನವರು ಬೈಯಲಿಲ್ಲ. ಮಹಡಿಗೆ ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಗದ್ವಾಲಕ್ಕೆ ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಸಂಜೆಗೆ ಚಂದ್ರಕಾಂತ್ ಆಸ್ಪತ್ರೆಗೆ ಓಡಿಬಂದ. ಮೌನಿಕಾ ವಾರ್ಡಿನ ಬಾಗಿಲಿಗೆ ಅಡ್ಡ ನಿಂತಳು.

"ಬಾಲಮ್ಮಕ್ಕ ಹೆಂಗದಾರ್ರಿ? ಎಂಕಮ್ಮ ಹೇಳಿದ್ಲು, ಕೈ ಜಾರಿ…"

"ಬುದ್ಧಿ ಕಲಸ್ತೀನಿ ಅಂದಿದ್ರಲ್ಲ? ಕಲಸಿದ್ರಿ. ನಮ್ಮವ್ವಗ ಕಲಸಿದ್ರಿ. ಹೆಣ್ಣುಮಕ್ಕಳು ಕಂಬ ಹತ್ತೋದು ನಿಮಗೂ ಸಹಿಸಾಕ ಆಗಲಿಲ್ಲ ಅಲ್ಲಾ? ಹೋಗ್ರಿ ಇಲ್ಲಿಂದ!"

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. "ಎಣ್ಣಿಯಿಂದ… ಬಿದ್ರಾ?"

ಅಷ್ಟೇ. ತನ್ನ ಎರಡು ಕೈಗಳನ್ನು ನೋಡಿಕೊಂಡು ಹಿಂದಕ್ಕೆ ತಿರುಗಿ ನಡೆದುಬಿಟ್ಟ. ಅಯ್ಯೋ ಮಾರಾಯ, ಒಂದು ಮಾತು ಹೇಳಬಾರದಿತ್ತೇ! ಆದರೆ ತಪ್ಪು ತನ್ನದೇ ಎಂದು ಗೊತ್ತಾದವನಿಗೆ ಆ ಗಳಿಗೆಯಲ್ಲಿ ಬಾಯಿ ಎಲ್ಲಿಂದ ಬರಬೇಕು?

*

ಮೂರು ತಿಂಗಳು ಕಳೆಯಿತು.

ಅವ್ವನ ಮಗ್ಗದಲ್ಲಿ ಈಗ ಮೌನಿಕಾ ಕೂತಿದ್ದಳು. ಬಾಲಮ್ಮನ ಪಟ್ಟಿ ಬಿಚ್ಚಿದ್ದರು, ಎಲುಬು ಕೂಡಿತ್ತು. ಕೈ ಮಾತ್ರ ಮತ್ತೆ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. ಐದು ತಿಂಗಳ ಗೆರೆಗಳೆಲ್ಲ ಬೀಗ ಹಾಕಿದ ಮಹಡಿಯ ಗೋಡೆಯ ಮೇಲೆ ಉಳಿದಿದ್ದವು.

ಒಂದು ಮುಂಜಾನೆ ಮೌನಿಕಾ ಅವ್ವನ ತಲೆ ಬಾಚುತ್ತಿದ್ದಳು.

"ಆ ಮಾಸ್ತರ ಮತ್ತ ಬಂದಿಲ್ಲ," ಎಂದಳು ಬಾಲಮ್ಮ.

"ಅವನ ಹೆಸರು ಎತ್ತಬ್ಯಾಡವ್ವ."

"ಎತ್ತತೀನಿ. ನಿಂಗ ಒಂದು ಮಾತು ಹೇಳಿಲ್ಲ ನಾನು. ಅವತ್ತು ಕಂಬ ಹಿಡಿದ ಕೂಡ್ಲೇ ಕೈಗೆ ಜಿಡ್ಡು ಹತ್ತಿತ್ತು. ನಂಗ ಗೊತ್ತಾತು."

ಮೌನಿಕಾಳ ಕೈಯಲ್ಲಿ ಬಾಚಣಿಗೆ ನಿಂತಿತು. "ಮತ್ತ… ಯಾಕ ಹತ್ತಿದಿ?"

"ಗದ್ವಾಲದ ಮಂದಿ ಎಲ್ಲ ಕುಂತಿದ್ರು. ಇಳಿದ್ರ ನಿನ್ನ ಮರ್ಯಾದಿ ಹೋಗತೈತಿ ಅನ್ನಿಸ್ತು. ನನ್ನ ಮೊಂಡತನ ಅದು." ಬಾಲಮ್ಮ ತಿರುಗಿ ಮಗಳನ್ನು ನೋಡಿದಳು. "ಇನ್ನೊಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಕಂಬ ಒರೆಸೋ ಕೆಲಸ ಯಾರದು?"

ಮೌನಿಕಾ ಬಾಚಣಿಗೆ ಕೆಳಗಿಟ್ಟಳು.

ಅವಳದು! ಮೂರು ತಿಂಗಳಿಂದ ಯಾವ ಮಾತನ್ನು ಮನಸ್ಸಿನ ಮೂಲೆಗೆ ತಳ್ಳಿ ಅದರ ಮೇಲೆ ಚಂದ್ರಕಾಂತ್‌ನ ತಪ್ಪನ್ನು ಹೇರಿಕೊಂಡು ಕೂತಿದ್ದಳೋ, ಅದನ್ನೇ ಅವ್ವ ಕೇಳಿದ್ದಳು. ಬಟ್ಟೆ ಕೈಯಳತೆಯಲ್ಲೇ ಇತ್ತು. ನೋಡಿದ್ದಳು. ತೆಗೆದುಕೊಳ್ಳಲಿಲ್ಲ.

"ನನ್ನದವ್ವ…" ಎಂದು ಅವ್ವನ ಬೆನ್ನಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಬಾಲಮ್ಮ ಎಡಗೈ ಹಿಂದೆ ಚಾಚಿ ಮಗಳ ತಲೆ ಸವರಿದಳು. "ಮಕ್ತಲ್ ಏನು ದೂರ ಇಲ್ಲ. ಹೋಗಿ ಕೇಳು, ಯಾಕ ಹಚ್ಚಿದಿ ಅಂತ. ಒಮ್ಮೆರೆ ಕೇಳಿದೇನು ನೀನು?"

ಕೇಳಿರಲಿಲ್ಲ.

*

ಮಕ್ತಲ್ ಸಾಲೆಯ ಬಯಲಿನಲ್ಲಿ ನೆಲಕ್ಕೆ ನೆಟ್ಟ ಸಾಗವಾನಿ ಮಲ್ಲಕಂಬ. ಸುತ್ತ ಹನ್ನೆರಡು ಹುಡುಗಿಯರು. ಮೌನಿಕಾ ಬೇವಿನ ಮರದ ಕೆಳಗೆ ನಿಂತಳು. ಚೀಲದಲ್ಲಿ, ಬೀಗ ಬೀಳುವ ಮೊದಲು ಎತ್ತಿಕೊಂಡಿದ್ದ ಅವನ ಎಣ್ಣೆ ಬಾಟಲಿ, ಖಾಕಿ ಬಟ್ಟೆ.

ಚಂದ್ರಕಾಂತ್ ಒಂದು ಬಟ್ಟೆಗೆ ಔಡಲೆಣ್ಣೆ ಹನಿಸಿ ಕಂಬವನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಉಜ್ಜುತ್ತಿದ್ದ. ಮಗುವಿಗೆ ಎಣ್ಣೆ ತೀಡುವ ಹಾಗೆ ಒಂದಂಗುಲವೂ ಬಿಡದೆ.

"ಸಾರ್, ಇಲ್ಲಿ ಇನ್ನೂ ಜರಾ," ಎಂದಳು ಒಬ್ಬ ಹುಡುಗಿ. "ನಿನ್ನೆ ಒಣಗಿತ್ತು, ತೊಡಿ ಎಲ್ಲ ಕೆತ್ತಿ ಹೋತು."

"ಹಚ್ಚೀನವಾ. ಕಂಬ ಒಣಗಿದ್ರ ಹತ್ತಿದವರ ಚರ್ಮ ತಿಂತೈತಿ. ನಮ್ಮ ಉಸ್ತಾದರು ಹೇಳ್ತಿದ್ರು, ಒಣ ಕಂಬಕ್ಕ ಮಕ್ಕಳನ್ನ ಹತ್ತಿಸೋನು ಗುರುನೇ ಅಲ್ಲ ಅಂತ."

ಮೌನಿಕಾ ತನ್ನ ಒಳತೋಳು ಮುಟ್ಟಿಕೊಂಡಳು.

'ನನ್ನ ತೋಳಿನ ಬರೆ… ನನ್ನ ಕಂಬ ಒಣಗಿದೆ ಎಂದು… ಅದಕ್ಕೆ!'

ಹುಡುಗಿಯೊಬ್ಬಳು ಕಂಬಕ್ಕೆ ಹಣೆ ಮುಟ್ಟಿಸಿ ಹತ್ತಿದಳು. ಎಣ್ಣೆ ಹಚ್ಚಿದ ಕಟ್ಟಿಗೆಯ ಮೇಲೆ ಅವಳ ಕಾಲು ಎಲ್ಲೂ ಜಾರಲಿಲ್ಲ. ಚಂದ್ರಕಾಂತ್ ಕೆಳಗೆ ಕೈ ಚಾಚಿ ನಿಂತಿದ್ದ. ತಲೆ ತಿರುಗಿಸಿದಾಗ ಮೌನಿಕಾಳನ್ನು ಕಂಡ. ಹುಡುಗಿ ಇಳಿಯುವವರೆಗೆ ಕೈ ಕದಲಿಸಲಿಲ್ಲ. ಆಮೇಲೆ ಮೆಲ್ಲಗೆ ಬಂದ. ಅವನ ಗದ್ದದ ಮೇಲೆ ಉದ್ದನೆಯ ಹೊಸ ಗಾಯದ ಗುರುತು.

"ಇದೇನಾತ್ರೀ?"

"ಬಿದ್ದೆ." ಅವನು ನೆಲ ನೋಡಿದ. "ಒಂದು ಸ್ಟೀಲ್ ಪೈಪು ತಂದು ನಿಲ್ಲಿಸಿದೆ. ಎಣ್ಣಿ ಹಚ್ಚಿ ಹತ್ತಿದೆ. ಬಾಲಮ್ಮಕ್ಕ ಹೆಂಗ ಬಿದ್ರು ಅಂತ ತಿಳೀಬೇಕಿತ್ತು. ಕಟ್ಟಿಗಿ ಎಣ್ಣಿ ಕುಡೀತೈತ್ರಿ, ಸ್ಟೀಲು ಕುಡಿಯಂಗಿಲ್ಲ. ಹತ್ತು ವರ್ಷ ಆತು ಕಲಸಾಕ ಹತ್ತಿ… ಇಷ್ಟು ತಿಳೀಲಿಲ್ಲ ನನ್ನ ತಲಿಗೆ."

"ಅವತ್ತು ಆಸ್ಪತ್ರ್ಯಾಗ ಯಾಕ ಹೇಳಲಿಲ್ರೀ?"

"ಏನಂತ ಹೇಳಲ್ರೀ? ಒಳ್ಳೇದಕ್ಕ ಹಚ್ಚಿದೆ ಅಂದ್ರ ಅಕ್ಕನ ಎಲುಬು ಕೂಡತಿತ್ತಾ? ನಿಮ್ಮನ್ನ ಕೇಳದ ನಿಮ್ಮ ಕಂಬ ಮುಟ್ಟಿದ್ದು ತಪ್ಪು. ತಪ್ಪೇ."

"ನಂದೂ ತಪ್ಪೈತ್ರಿ." ಅವಳು ಚೀಲದಿಂದ ಎಣ್ಣೆ ಬಾಟಲಿ ತೆಗೆದು ಅವನ ಕೈಗಿಟ್ಟಳು. "ಅವ್ವ ಹತ್ತೋಕಿಂತ ಮೊದಲು ಒರೆಸಬೇಕಿತ್ತು. ಒರೆಸಲಿಲ್ಲ. ಆ ಭಾರ ನಂಗ ಹೊರಾಕ ಆಗಲಿಲ್ಲ, ನಿಮ್ಮ ತಲಿ ಮ್ಯಾಲ ಹಾಕಿಬಿಟ್ಟೆ. ಕೆಟ್ಟ ಮಾತು ಅಂದೆ ನಿಮಗ…"

ಹಿಂದೆ ಹುಡುಗಿಯರು ತಮ್ಮತಮ್ಮಲ್ಲೇ ಕಿಸಕ್ಕನೆ ನಕ್ಕರು, ಚಂದ್ರಕಾಂತ್ ತಿರುಗಿ ನೋಡಿದಾಗ ಸುಮ್ಮನಾದರು.

"ಪ್ರತಿ ವಾರ ಗದ್ವಾಲಕ್ಕ ಹೋಗ್ತೀನ್ರಿ," ಎಂದ ಅವನು. "ಅಮ್ಮಾರ ಮುಂದ ನಿಂತು, ತಪ್ಪು ನಂದು, ಆ ಹುಡುಗೀದಲ್ಲ ಅಂತ ಹೇಳ್ತೀನಿ. ಬೀಗ ತೆಗ್ಯಂಗಿಲ್ಲ ಅಂತಾರ. ಬರೋ ಭಾನುವಾರ ಮಾತ್ರ ಬರ್ತಾರಂತ… ಕಂಬ ಬಿಚ್ಚಿಕೊಂಡು ಹೋಗ್ರಿ ಅಂತ."

*

ಭಾನುವಾರ ಗಂಗಾಂಬಿಕಾ ಅಮ್ಮನವರು ಬೀಗ ತೆಗೆದರು. ಮಹಡಿಯಲ್ಲಿ ಧೂಳು. ಕಂಬದ ಮೇಲೆ ಹಳೆಯ ಎಣ್ಣೆಗೆ ಧೂಳು ಮೆತ್ತಿ ಕಪ್ಪಾಗಿತ್ತು. ಗೋಡೆಯ ಮೇಲೆ ಕುಂಕುಮದ ಗೆರೆಗಳು ಹಾಗೆಯೇ ಇದ್ದವು.

ಚಂದ್ರಕಾಂತ್ ಏಣಿ ತಂದ, ಬೋಲ್ಟ್ ಬಿಚ್ಚಲು.

"ತಡಿ ಮಾಸ್ತರ," ಎಂದಳು ಬಾಲಮ್ಮ. "ಬಿಚ್ಚೋಕಿಂತ ಮೊದಲು ಒರೆಸು. ನಾನೊಮ್ಮಿ ಹಿಡೀಬೇಕು."

"ಬಾಲಮ್ಮ, ಮತ್ತ ಯಾಕ…" ಎಂದರು ಅಮ್ಮನವರು.

"ಕಾಲು ಎತ್ತಂಗಿಲ್ರೀ ಅಮ್ಮಾರ. ಬರೀ ಹಿಡೀತೀನಿ."

ಮೌನಿಕಾ ಸ್ಪಿರಿಟ್ ಬಾಟಲಿ ತೆಗೆದು ಚಂದ್ರಕಾಂತ್‌ನ ಕೈಗಿಟ್ಟಳು. ಅವನು ಅವಳ ಮುಖ ನೋಡಿದ. ಅವಳು ತಲೆಯಾಡಿಸಿದಳು.

ಅವನು ಒರೆಸಿದ. ಒಂದು ಬಟ್ಟೆ ಕಪ್ಪಾಯಿತು. ಎರಡನೆಯದು ಕಂದು ಬಣ್ಣಕ್ಕೆ ತಿರುಗಿತು. ಮೂರನೆಯದರಿಂದ ಒರೆಸಿದ, ನಾಲ್ಕನೆಯದನ್ನು ಬೆಳಕಿಗೆ ಹಿಡಿದು ನೋಡಿದ. ಬೆಳ್ಳಗಿತ್ತು. ಮತ್ತೆ ಒಮ್ಮೆ ಒರೆಸಿದ. ಅಂಗೈ ಒತ್ತಿ, ಗಲ್ಲ ಒತ್ತಿ ನೋಡಿದ. ಆಮೇಲೆ ಹಳೆಯ ರೂಢಿಯಂತೆ ಮೆಟ್ಟಿಲಿನ ಕಡೆ ಹೊರಟ.

"ಎಲ್ಲಿಗೆ? ಇಲ್ಲೇ ನಿಂದ್ರು," ಎಂದಳು ಬಾಲಮ್ಮ.

ಅವಳು ಬಲಗೈಯನ್ನು ಎಡಗೈಯಿಂದ ಎತ್ತಿ ಕಂಬಕ್ಕೆ ಇಟ್ಟಳು. ಬೆರಳುಗಳು ನಡೆದವು. ಸೊಂಟ… ಪಕ್ಕೆ… ಹಣೆಯ ಮೇಲೆ ಬೆವರು ಮೂಡಿತು. ತುಟಿ ಕಚ್ಚಿಕೊಂಡಳು. ಮೌನಿಕಾ ಮುಂದೆ ಹೆಜ್ಜೆ ಇಟ್ಟಳು, ಅಮ್ಮನವರು ಅವಳ ಕೈ ಹಿಡಿದು ತಡೆದರು.

ಎಲ್ಲಕ್ಕಿಂತ ಕೆಳಗಿನ, ಎಂಟು ತಿಂಗಳ ಹಿಂದಿನ ಆ ಮೊದಲ ಗೆರೆಯ ಮಟ್ಟಕ್ಕೆ ಬಂದು ಕೈ ನಿಂತಿತು. ಕಂಬ ಜಾರಲಿಲ್ಲ.

"ಇವತ್ತಿಗೆ ಇಷ್ಟು," ಎಂದಳು ಬಾಲಮ್ಮ, ಕಣ್ಣಲ್ಲಿ ನೀರಿಟ್ಟುಕೊಂಡೇ. "ಮತ್ತ ಮೊದಲಿಂದ ಹತ್ತತೀನ್ರಿ ಅಮ್ಮಾರ. ಆದ್ರ ಎಲ್ಲಿ ಹತ್ತಲಿ? ಕಂಬ ಇವತ್ತು ಬಿಚ್ಚತಾರಂತಲ್ಲ."

ಗಂಗಾಂಬಿಕಾ ಅಮ್ಮನವರು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು. ತಿರುಗಿದಾಗ ಅವರ ದನಿ ಮೊದಲಿನಂತಿರಲಿಲ್ಲ.

"ನನ್ನ ಎಡಭುಜ ಎರಡು ವರ್ಷ ಆತು ಬಾಲಮ್ಮ. ಕುಬುಸದ ಗುಂಡಿ ಹಾಕಾಕ ಸೊಸಿನ್ನ ಕರೀತೀನಿ. ಯಾರಿಗೂ ಹೇಳಿಲ್ಲ." ಸೊಂಟದ ಕೀಲಿಕೈ ತೆಗೆದು ಬಾಲಮ್ಮನ ಎಡಗೈಯಲ್ಲಿಟ್ಟರು. "ಕೀಲಿಕೈ ನಿನ್ನ ಹತ್ರ ಇರ್ಲಿ. ನಿನ್ನ ಮಗಳ ಹತ್ರ ಅಲ್ಲ, ತಿಳೀತಾ? ಒರೆಸದ ಕಂಬ ಯಾರನ್ನ ಹತ್ತಿಸಿದ್ರೂ ನೀನೇ ಬೀಗ ಹಾಕು."

ಮೌನಿಕಾ ಅವರ ಕಾಲಿಗೆ ಬಿದ್ದಳು.

"ನಡೀರಿ ಅಮ್ಮಾರ, ಚಹಾ ಕುಡಿಯೋಣು," ಎಂದು ಬಾಲಮ್ಮ ಅವರನ್ನು ಹೊರಡಿಸಿದಳು. ಬಾಗಿಲಲ್ಲಿ ನಿಂತು ಹಿಂದೆ ನೋಡಿದಳು.

"ಮಾಸ್ತರ, ಏಣಿ ಒಳಗಿಡು."

"ಆತಕ್ಕ."

"ಅಕ್ಕ ಅಕ್ಕ ಅಂತ ಎಷ್ಟು ದಿನ ಅಂತಿ? ಅತ್ತಿ ಅನ್ನೋದು ಕಲಿ ಇನ್ನ."

ಅವಳ ಹೆಜ್ಜೆ ಸದ್ದು ಮೆಟ್ಟಿಲಿಳಿಯಿತು. ಮಹಡಿಯಲ್ಲಿ ಇಬ್ಬರೇ ಉಳಿದರು. ಚಂದ್ರಕಾಂತ್ ಏಣಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ.

ಮೌನಿಕಾ ಸೀರೆ ಎತ್ತಿ ಅವ್ವನಂತೆ ಕಚ್ಚೆ ಹಾಕಿದಳು. ಕಂಬದ ಬಳಿ ಬಂದಳು.

"ಇನ್ನೊಮ್ಮಿ ಒರೆಸಿ ನೋಡ್ಕೊಂಡು ಹತ್ರಿ," ಎಂದ ಅವನು ಗಾಬರಿಯಿಂದ.

"ನೀವು ಒರೆಸೀರಲ್ಲ," ಎಂದಳು.

ಹತ್ತಿದಳು. ಕಾಲು ಸುತ್ತಿದಳು. ಕೈ ಬಿಟ್ಟು ತಲೆ ಕೆಳಗೆ ಮಾಡಿದಳು. ಚಂದ್ರಕಾಂತ್ ಓಡಿಬಂದು ಅವಳ ತಲೆಯ ಕೆಳಗೆ ಕೈ ಚಾಚಿದ, ಯಾರೂ ಹೇಳದೆಯೇ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡ್ರಿ."

"...ಬಿಡ್ಲ್ಯಾ?"

"ಬಿಡ್ರಿ ಅಂದೆ."

ಬಿಟ್ಟ. ಅವಳ ಕಣ್ಣಿನ ನೀರು ಹಣೆಯ ಕಡೆಗೆ ಹರಿಯುತ್ತಿತ್ತು.

"ಎಡಮೊಣಕಾಲು ಹೆಂಗೈತಿ?" ಕೇಳಿದಳು.

"ಗಟ್ಟಿ ಐತ್ರಿ."

"ಹಂಗಾದ್ರ ಕೈ ಯಾಕ ಇನ್ನೂ ಹಿಡಿದೀರಿ?"

ಎಂಟು ತಿಂಗಳಿಂದ ಏಣಿಯ ಮೇಲೆ, ಚಹಾ ಹೋಟೆಲಿನಲ್ಲಿ, ಗದ್ವಾಲದ ಬಸ್ಸಿನಲ್ಲಿ ಇಟ್ಟುಕೊಂಡಿದ್ದ ಮಾತು ಕೊನೆಗೂ ಬಾಯಿಗೆ ಬಂತು.

"ಮೌನಿಕಾ… ನಿನ್ನ ಮ್ಯಾಲ ಜೀವ ಇಟ್ಟೀನಿ. ಕೈ ಹಿಂದ ತೆಗ್ಯಾಕ ಮನಸ್ಸು ಬರವಲ್ದು. ಹಿಂಗ ನಿಂತಿರ್ಲ್ಯಾ?"

ಅವಳು ಕೆಳಗೆ ಬಾಗಿ ಅವನ ಎರಡೂ ಅಂಗೈಗಳ ಮೇಲೆ ತನ್ನ ಅಂಗೈಗಳನ್ನು ಇಟ್ಟಳು. ದಡ್ಡಿಗೆ ದಡ್ಡು ತಾಗಿತು.

"ನಿಂದ್ರು. ಆದ್ರ ಇನ್ನ ಮ್ಯಾಲ ಏನು ಮಾಡೋದಿದ್ರೂ ನನ್ನ ಕೇಳಿ ಮಾಡಬೇಕು."

"ಕೇಳ್ತೀನಿ." ಅವನು ಅವಳ ಅಂಗೈ ಬಿಗಿಯಾಗಿ ಹಿಡಿದ. "ಈಗೊಂದು ಕೇಳಲ್ಯಾ?"

"ಕೇಳು."

"ಮೊದಲು ಇಳಿ. ತಲಿ ಕೆಳಗ ಇದ್ದೋರ ಹತ್ರ ಮದುವಿ ಮಾತು ಹೆಂಗ ಕೇಳ್ಲಿ?"

ಮೌನಿಕಾ ನಕ್ಕಳು. ಮೂರು ತಿಂಗಳಲ್ಲಿ ಮೊದಲ ಸಲ. ಆಮೇಲೆ ಕಂಬ ಹಿಡಿದು, ಅವನ ಕೈಗಳ ನಡುವೆ ಮೆಲ್ಲಗೆ ನೆಲಕ್ಕಿಳಿದಳು.